ಬಾಣಂತಿ ಕುರ್ಚಿ

ಸೆಪ್ಟೆಂಬರ್ ಬಂದು ಹೆರಿಫರ್ಡ್ ಸೀಮೆಯ ಹಾಪ್ ತೋಟಗಳಲ್ಲಿ ಹೂ ಕೀಳುವ ಸುಗ್ಗಿ ಶುರುವಾದರೆ ನಮ್ಮ ಓಣಿಯಲ್ಲಿ ಹಗಲು ಹೊತ್ತು ನಾಯಿ, ಕೋಳಿ ಬಿಟ್ಟು ಯಾರೂ ಇರುವುದಿಲ್ಲ. ಬೆಳಕು ಹರಿಯುವ ಮುಂಚೆ ಹೆಂಗಸರು ಬ್ರೆಡ್ಡು, ತಣ್ಣನೆ ಹಂದಿಮಾಂಸ, ಸೀಸೆಯಲ್ಲಿ ಟೀ ಕಟ್ಟಿಕೊಂಡು ಗಾಡಿ ಹತ್ತುತ್ತಾರೆ. ಬೀರಿಗೆ ಕಹಿ ಕೊಡುವ ಆ ಹೂವಿನ ಅಂಟು ಎಷ್ಟು ತೊಳೆದರೂ ಬೆರಳಿಂದ ಹೋಗುವುದಿಲ್ಲ. ಸುಗ್ಗಿ ಮುಗಿಯುವವರೆಗೆ ತಿಂದದ್ದೆಲ್ಲ ಕಹಿ.

ಮೊದಲ ಮಹಾಯುದ್ಧ ಮುಗಿದು ಆರೇಳು ವರ್ಷವಾಗಿತ್ತು. ಆ ಸಾರಿಯೂ ಪ್ರೀಸ್ ಮನೆಯವರು ಒಂದೇ ತೊಟ್ಟಿಗೆ ಕೀಳುತ್ತಿದ್ದರು. ಮರದ ಚೌಕಟ್ಟಿಗೆ ಗೋಣಿ ಇಳಿಬಿಟ್ಟ ಉದ್ದನೆಯ ತೊಟ್ಟಿ. ಒಂದು ಕಡೆ ಕೆಟುರಾ, ಎದುರಿಗೆ ಸೊಸೆ ನ್ಯಾನ್ಸ್, ತುದಿಯಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಏಳು ತಿಂಗಳ ಬಸುರಿ ಮಗಳು ಡಾರ್ಕಸ್. ಕೆಟುರಾಳ ಗಂಡ ಜೇಬೆಜ್ ಪ್ರೀಸ್ ಕಸುಬಿನಿಂದ ಕುರ್ಚಿ ಮಾಡುವವನು. ಅವನೂ ಕೆಲಸ ಬಿಟ್ಟು ಬಂದು ಕೊಕ್ಕೆಗೋಲಿನಿಂದ ಬಳ್ಳಿ ಎಳೆದು ಹಾಕುತ್ತಿದ್ದ. ಮಗ ಲೆಮ್ ಮಾತ್ರ ಸೊಂಟ ಹಿಡಿದಿದೆ ಅಂದು ಮನೆಯಲ್ಲೇ ಉಳಿದಿದ್ದ.

"ನಿನ್ನ ಗಂಡನ ಸೊಂಟ ಹಾಪ್ ಸುಗ್ಗಿಗೇ ಸರಿಯಾಗಿ ಹಿಡೀತದಲ್ಲ," ಎಂದಳು ಕೆಟುರಾ.

"ನನಗೆ ಗಂಡ ಆಗೋಕ್ ಮುಂಚೆ ನಿಮಗೆ ಮಗ ಅವನು, ಅತ್ತೆ. ಸೊಂಟ ನೀವು ಕೊಟ್ಟಿದ್ದು."

"ಬಾಯಿಗೇನೂ ಕಮ್ಮಿ ಇಲ್ಲ. ಎಡಗೈಲಿ ಕೀಳ್ಬೇಡ, ಎಲೆ ಬೀಳ್ತಿದಾವೆ."

"ನಂಗೆ ಬರೋದೇ ಎಡಗೈ."

"ಕುರ್ಚಿಗೆ ಜಂಬುಹುಲ್ಲೂ ಹಂಗೇ ಹೆಣೀತೀಯ. ಊರೋರೆಲ್ಲ ಬಲಕ್ಕೆ ಹುರಿ ಹಾಕಿದ್ರೆ ನೀನು ಎಡಕ್ಕೆ. ನೀ ಹೆಣೆದ ಕುರ್ಚಿ ಮೇಲೆ ಕೂತ್ರೆ ನಂಗೆ ತಲೆ ತಿರುಗ್ತದೆ."

"ಕುರ್ಚಿ ಮೇಲೆ ತಲೆ ಇಟ್ಟು ಕೂತ್ಕೋತೀರಾ ಅತ್ತೆ?"

ಡಾರ್ಕಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸುಮ್ನಿರಿ, ಇಲ್ಲೇ ಹೆತ್ತುಬಿಡ್ತೀನಿ. ಅಮ್ಮಾ, ನವೆಂಬರಿಗೆ ಬಾಣಂತಿ ಕುರ್ಚಿ ನಂಗೇ ತಾನೆ? ಬೇರೆ ಯಾರಿಗೂ ಮಾತು ಕೊಟ್ಟಿಲ್ವಲ್ಲ?"

"ನಿಂಗಲ್ದೆ ಇನ್ಯಾರಿಗೆ?"

"ವಾಪಸ್ ಕಳಿಸೋವಾಗ ಬ್ರೆಡ್ಡು ಇಡ್ಬೇಕೇನೋ?"

"ಕಪಾಳಕ್ಕೆ ಕೊಡ್ತೀನಿ. ಮನೆಮಗಳು ಬ್ರೆಡ್ಡು ಇಡೋದಾ? ಅದು ಹೊರಗಿನೋರು ಇಡೋದು."

ಓಣಿಯ ಪದ್ಧತಿ ಅದು. ಜೇಬೆಜನ ತಾತ ಮಾಡಿದ ಕುರ್ಚಿ. ಗಿಡ್ಡ ಕಾಲು, ಕೈಗಳಿಲ್ಲ, ಬೆನ್ನಿಗೆ ಮೂರು ಬಾಗಿದ ಪಟ್ಟಿ, ಕೂರಲು ಜಂಬುಹುಲ್ಲಿನ ಹೆಣಿಗೆ. ಯಾರ ಮನೆಯಲ್ಲಿ ಹೆರಿಗೆಯಾದರೂ ಅದು ಅಲ್ಲಿಗೆ ಹೋಗುತ್ತಿತ್ತು. ಹಾಲು ಕುಡಿಸುವವಳು ಮುಂದಿನ ಅಡ್ಡಕಡ್ಡಿಗೆ ಹಿಮ್ಮಡಿ ಕೊಟ್ಟರೆ ಮಗು ಎದೆಯ ಮಟ್ಟಕ್ಕೆ ಬರುತ್ತಿತ್ತು. ಎಷ್ಟೋ ಹಿಮ್ಮಡಿಗಳಿಂದ ಆ ಕಡ್ಡಿ ನಡುವೆ ಸವೆದು ಸೊರಗಿತ್ತು. ಮಗುವಿಗೆ ಹಲ್ಲು ಬಂದ ಮೇಲೆ ಕುರ್ಚಿ ವಾಪಸು ಪ್ರೀಸರ ಬಾಗಿಲಿಗೆ ಬರುತ್ತಿತ್ತು, ಅದರ ಮೇಲೆ ಮನೆಯಲ್ಲಿ ಸುಟ್ಟ ಒಂದು ಬ್ರೆಡ್ಡು. ಅಲ್ಲಿಗೆ ಋಣ ಮುಗಿಯಿತು. ಮುಂದಿನ ಹೆರಿಗೆಯವರೆಗೆ ಕುರ್ಚಿ ಮೆಟ್ಟಿಲಿನ ಕೆಳಗಿನ ಗೂಟದಲ್ಲಿ, ಹಳೆಯ ದುಪ್ಪಟಿ ಹೊದ್ದುಕೊಂಡು ತೂಗುತ್ತಿತ್ತು.

ಆ ದುಪ್ಪಟಿಯ ಕೆಳಗಿದ್ದ ಕುರ್ಚಿಯನ್ನೇ ಲೆಮ್ ಅವತ್ತು ಬದಲಾಯಿಸಿದ್ದು.

ಅವನಿಗೆ ಮೂವತ್ತೆರಡು ವರ್ಷ. ಹದಿನಾಲ್ಕಕ್ಕೆ, ಕಾಲಲ್ಲಿ ತುಳಿದು ಮರ ಕಡೆಯುವ ಅಪ್ಪನ ಚರಕಿಯ ಮುಂದೆ ನಿಂತವನು, ಆಗಲೂ ಶನಿವಾರ ಸಂಜೆ ಅಪ್ಪ ಮೇಜಿನ ಮೇಲಿಟ್ಟ ಷಿಲಿಂಗು ತೆಗೆದುಕೊಳ್ಳುತ್ತಿದ್ದ. ಊಟ ಮನೆಯದು, ಬಟ್ಟೆ ಮನೆಯದು, ಕೂಲಿ ಅನ್ನುವ ಮಾತಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವನೂ ನ್ಯಾನ್ಸೂ ಮಲಗುತ್ತಿದ್ದದ್ದು ಅಡುಗೆಮನೆ ಮೇಲಿನ ಕೋಣೆಯಲ್ಲಿ. ಅಲ್ಲಿ ಕೆಮ್ಮಿದರೂ ಕೆಟುರಾ ಕೆಳಗಿನಿಂದ ಜೇನುತುಪ್ಪ ಬೇಕಾ ಅಂತ ಕೂಗುತ್ತಿದ್ದಳು. ಇಟ್ಟಿಗೆ ಗೂಡಿನ ಹತ್ತಿರ ಒಂದು ಮನೆ ಖಾಲಿ ಇತ್ತು. ಮುಂಗಡ ಬೇಕಿತ್ತು.

ಹೆರಿಫರ್ಡ್ ಪೇಟೆಯ ಫೆನಿಮೋರ್ ಹಳೆಯ ಸಾಮಾನಿನ ವ್ಯಾಪಾರಿ. ಮೇ ತಿಂಗಳಲ್ಲಿ ಓಣಿಯ ಒಂದು ಬಾಣಂತಿಯ ಮನೆಯಲ್ಲಿ ಈ ಕುರ್ಚಿ ನೋಡಿದ್ದ. ಕುರ್ಚಿಯನ್ನು ಮಗುಚಿ ನೋಡಿ ಊರು ಹೇಳುವವನು ಅವನು. ಲ್ಯಾಂಕಷೈರಿನದಕ್ಕೆ ಮುಂದಿನ ಅಡ್ಡಕಡ್ಡಿ ಗೆಣಸಿನ ಹಾಗೆ ಉಬ್ಬಿರುತ್ತದೆ, ಸಫೋಕಿನದಕ್ಕೆ ಬೆನ್ನಿನಲ್ಲಿ ಗೋಲಿಗಳ ಸಾಲು, ವಿಕಂ ಕಡೆಯದಕ್ಕೆ ಕೂರಲು ಮರದ ಹಲಗೆ, ನಿಮ್ಮ ಸೀಮೆಯದಕ್ಕೆ ಹುಬ್ಬಿನಂತೆ ಬಾಗಿದ ಪಟ್ಟಿಗಳು, ಮೇಲೆ ಹೋದ ಹಾಗೆ ಅಗಲ, ಅಂತ ಲೆಮ್‌ಗೆ ಹೇಳಿದ್ದ.

"ಅಪ್ಪ ಇಂಥದೇ ಮಾಡ್ತಾನಲ್ಲ, ತಗೊಳ್ಳಿ," ಎಂದಿದ್ದ ಲೆಮ್.

"ನಿಮ್ಮಪ್ಪ ಮಾಡಿದ್ದಕ್ಕೆ ಐದು ಷಿಲಿಂಗ್ ಕಣಯ್ಯ. ಸತ್ತೋನು ಮಾಡಿದ್ದಕ್ಕೆ ಐದು ಪೌಂಡ್."

ಲೆಮ್ ಆಗಸ್ಟಿನಲ್ಲಿ ಅಪ್ಪ ಕಾಡಿಗೆ ಹೋದಾಗಲೆಲ್ಲ ಅದರಂತೆಯೇ ಇನ್ನೊಂದನ್ನು ಮಾಡಿದ. ನಮ್ಮ ಕಡೆಯ ಕುರ್ಚಿಗೆ ಮೊಳೆ ಇಲ್ಲ, ಅಂಟು ಇಲ್ಲ. ಕಾಲುಗಳು ಹಸಿ ಮರದವು, ಅಡ್ಡಕಡ್ಡಿಗಳು ಒಣ ಮರದವು. ಹಸಿ ಕಾಲು ಒಣಗುತ್ತಾ ಕುಗ್ಗಿ, ತೂತಿನೊಳಗಿನ ಒಣ ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ನೂರು ವರ್ಷ ಬಿಡುವುದಿಲ್ಲ. ಆ ಒಣ ಕಡ್ಡಿಗಳು ಇದ್ದದ್ದು ಬ್ರೆಡ್ಡಿನ ಒಲೆಯ ಮೇಲಿನ ಅಟ್ಟದಲ್ಲಿ, ಜೇಬೆಜ್ ತನ್ನ ಕೈಯಾರೆ ಕಟ್ಟಿಟ್ಟ ಕಟ್ಟುಗಳಲ್ಲಿ. ಒಂದು ಎಳೆದರೂ ಅವನಿಗೆ ತಿಳಿಯುತ್ತಿತ್ತು. ಹಾಗಾಗಿ ಲೆಮ್ ಹಸಿ ಆಶ್ ಮರದಲ್ಲೇ ಕಡ್ಡಿ ಕಡೆದು, ಅಮ್ಮ ಬ್ರೆಡ್ಡು ತೆಗೆದ ಮೇಲೆ ಬಿಸಿ ಆರುವ ಒಲೆಯಲ್ಲಿ ಎರಡು ಸಾರಿ ಇಟ್ಟು ತೆಗೆದ. ಮೇಲೆ ಒಣಗಿದಂತೆ ಕಂಡವು. ಅಷ್ಟು ಸಾಲದು ಅಂತ ಅವನಿಗೂ ಗೊತ್ತಿತ್ತು. ನವೆಂಬರಿನೊಳಗೆ ಕಡ್ಡಿ ಬದಲಾಯಿಸಿದರಾಯಿತು ಅಂದುಕೊಂಡ.

ಕೂರುವ ಜಾಗ ಹೆಣೆದವಳು ನ್ಯಾನ್ಸ್. ಯಾರಿಗೆ ಅಂತ ಕೇಳಿದ್ದಕ್ಕೆ ಆರ್ಡರು ಅಂದ. ಆಮೇಲೆ ತಾತನ ಕುರ್ಚಿಯ ಹಾಗೇ ಹಳೆಯದಾಗಿ ಕಾಣಲಿ ಅಂತ ಅದಕ್ಕೆ ಟೀ ಡಿಕಾಕ್ಷನ್ನು, ಹೊಗೆಮಸಿ ಬಳಿದು, ಮುಂದಿನ ಕಡ್ಡಿಯನ್ನು ಇಟ್ಟಿಗೆಯಿಂದ ಉಜ್ಜಿ ಸವೆಸಿದ. ಓಣಿ ಖಾಲಿಯಿದ್ದ ಆ ಮಧ್ಯಾಹ್ನ ಫೆನಿಮೋರನ ಗಾಡಿ ಬಂದು ಹಳೆಯದನ್ನು ಒಯ್ದಿತು, ಹೊಸದು ದುಪ್ಪಟಿ ಹೊದ್ದು ಗೂಟಕ್ಕೇರಿತು.

ಅಕ್ಟೋಬರಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ಲೆಮ್ ಮನೆ ಹಿಡಿದಿರುವ ಸುದ್ದಿ ಹೇಳಿದ. ಕೆಟುರಾ ಕೋಸು ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು.

"ಇದಕ್ಕೇನಾಗಿತ್ತು? ಈ ಮನೆ ಸೋರ್ತಿದೆಯಾ?"

"ಸೋರ್ತಿಲ್ಲಮ್ಮ. ನಮಗೂ ಒಂದು ಒಲೆ ಬೇಡ್ವಾ?"

"ಇದು ಇವಳ ಮಾತು. ನಿನ್ನ ಬಾಯಲ್ಲಿ ಬಂತು."

"ಹೌದು, ನಂದೇ," ಎಂದಳು ನ್ಯಾನ್ಸ್. "ಒಂಬತ್ತು ವರ್ಷದಿಂದ ನಿಮ್ಮ ಬಾಣಲೆ ತಿಕ್ತಿದೀನಿ. ಒಂದು ಸಾರಿ ನಂದು ನಾನು ತಿಕ್ಕೋಣ ಅಂತ."

ಜೇಬೆಜ್ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಾ ಕೇಳಿದ, "ಮುಂಗಡಕ್ಕೆ ದುಡ್ಡು?"

"ಉಳಿಸಿದ್ದೆ."

"ಶನಿವಾರದ ಷಿಲಿಂಗಲ್ಲಾ?"

"ಮತ್ತೆ ನೀನೇನು ನನಗೆ ಎಸ್ಟೇಟು ಬರೆದುಕೊಟ್ಟಿದ್ದೀಯ?"

ಜೇಬೆಜ್ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ. ಮನೆಗೆ ಹೋಗುವುದು ವಸಂತಕ್ಕೆ, ಸುಣ್ಣ ಬಳಿದಾದ ಮೇಲೆ ಅಂತ ತೀರ್ಮಾನವಾಯಿತು. ಕೆಟುರಾ ನ್ಯಾನ್ಸಳ ತಟ್ಟೆಗೆ ಹಂದಿಮಾಂಸದ ಚರ್ಬಿಯ ತುಂಡೇ ನೋಡಿ ನೋಡಿ ಹಾಕಿದಳು.

ನವೆಂಬರ್ ಮಧ್ಯದಲ್ಲಿ ಡಾರ್ಕಸ್ ಹೆಣ್ಣುಮಗು ಹೆತ್ತಳು. "ಲೆಮ್, ಕುರ್ಚಿ ತಗೊಂಡು ಹೋಗಿ ಕೊಡು," ಎಂದ ಜೇಬೆಜ್. ಕಡ್ಡಿ ಬದಲಾಯಿಸುವ ಕೆಲಸ ಇವತ್ತು ನಾಳೆ ಅಂತ ಹಾಗೇ ಉಳಿದಿತ್ತು. ಲೆಮ್ ದುಪ್ಪಟಿ ಸಮೇತ ಕುರ್ಚಿ ಇಳಿಸಿ ಹೆಗಲಿಗೆ ಹಾಕಿಕೊಂಡ. ತಂಗಿಯ ಮನೆಗೆ ಒಂದೂವರೆ ಮೈಲಿ, ಹೊಲದ ಅಂಚಿನಲ್ಲಿ ದಾರಿ. ನಡುವೆ ಒಂದು ಕಡೆ ಇಳಿಸಿ, ಎರಡು ಕೈಯಲ್ಲೂ ಹಿಡಿದು ಅಲುಗಾಡಿಸಿ ನೋಡಿದ. ಗಟ್ಟಿಯಾಗಿತ್ತು. ಮತ್ತೆ ಹೆಗಲಿಗೆ ಹಾಕಿಕೊಂಡು ನಡೆದ.

"ಅಣ್ಣಾ, ಕೂತ್ಕೋ, ಟೀ ಕುಡಿ," ಎಂದಳು ಡಾರ್ಕಸ್ ಹಾಸಿಗೆಯಿಂದ.

"ಕೆಲ್ಸ ಇದೆ," ಎಂದು ಬಾಗಿಲಲ್ಲೇ ಇಟ್ಟು ಬಂದ.

ಕ್ರಿಸ್‌ಮಸ್ಸಿಗೆ ಹದಿನೈದು ದಿನ ಇರುವಾಗ ಹಿಮಗಾಳಿ ಶುರುವಾಯಿತು. ಅಲ್ಲಿಯವರೆಗೆ ತಣ್ಣನೆ ಕೋಣೆಯಲ್ಲಿದ್ದ ಕುರ್ಚಿಯನ್ನು ಡಾರ್ಕಸ್ ಅಡುಗೆಮನೆಯ ಬೆಂಕಿಯ ಹತ್ತಿರ ಎಳೆದುಕೊಂಡಳು. ಬಿಸಿಗೆ ಕಡ್ಡಿಗಳು ಒಣಗಿ ಕುಗ್ಗಿದವು. ಒಂದು ಬೆಳಿಗ್ಗೆ ಮಗುವಿಗೆ ಹಾಲು ಕೊಡುತ್ತಾ ಮುಂದಿನ ಕಡ್ಡಿಗೆ ಹಿಮ್ಮಡಿ ಒತ್ತಿದಾಗ ಕುರ್ಚಿಯ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಎಡಗೈಯಲ್ಲಿ ಮಗುವನ್ನು ಮೇಲಕ್ಕೆತ್ತಿ ಹಿಡಿದವಳು, ಬೀಳುವಾಗ ಬಲಗೈ ಊರಿದ್ದು ಕೆಂಡದಲ್ಲಿ.

ಮಗುವಿಗೆ ಏನೂ ಆಗಲಿಲ್ಲ. ಡಾರ್ಕಸಳ ಬಲಗೈಯ ಮೂರು ಬೆರಳು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ವಾರಕ್ಕೊಮ್ಮೆ ಊಸ್ಟರ್ ಪೇಟೆಯಿಂದ ಬರುವ ತೊಗಲಿನ ಕೈಗವಸು ಹೊಲಿದು ಸಂಸಾರಕ್ಕೆ ಅರ್ಧ ದುಡಿಮೆ ತರುತ್ತಿದ್ದವಳು ಅವಳು. ಗಂಡ ಗಿಲ್ಬರ್ಟ್ ಪರರ ಹಟ್ಟಿಯಲ್ಲಿ ಹಾಲು ಕರೆಯುವ ಆಳು.

ಗಿಲ್ಬರ್ಟ್ ಮಾರನೆಯ ದಿನ ಗೋಣಿಚೀಲ ಹೊತ್ತು ತಂದು ಜೇಬೆಜನ ಅಂಗಳದಲ್ಲಿ ಸುರಿದ.

"ತಗೊಳ್ಳಿ ಮಾವ, ನಿಮ್ಮ ರಿಪೇರಿ!"

ಬೇಸಿಗೆಗೆ ಮುಂಚೆ ಜೇಬೆಜ್ ಆ ಕುರ್ಚಿಗೆ ಎರಡು ಕಡ್ಡಿ ಹೊಸದಾಗಿ ಹಾಕಿದ್ದ. ಅದು ಓಣಿಗೆಲ್ಲ ಗೊತ್ತಿತ್ತು. ಈಗ ಬಗ್ಗಿ ಒಂದು ಕಡ್ಡಿ ಎತ್ತಿಕೊಂಡ. ಗುಂಡಗಿರಬೇಕಾದ ತುದಿ ಮೊಟ್ಟೆಯಾಕಾರಕ್ಕೆ ಕುಗ್ಗಿತ್ತು. ಇನ್ನೊಂದು ಎತ್ತಿದ, ಅದೂ ಹಾಗೇ. ಹಸಿ ಮರ. ಅವನ ತಾತ ಅಂಥ ಕಡ್ಡಿ ಹಾಕುತ್ತಿರಲಿಲ್ಲ, ಅವನೂ ಹಾಕುತ್ತಿರಲಿಲ್ಲ. ಆ ಮನೆಯಲ್ಲಿ ಅವನದು ಬಿಟ್ಟರೆ ಚರಕಿ ತುಳಿಯುವ ಕಾಲು ಇನ್ನೊಬ್ಬನದು ಮಾತ್ರ ಇತ್ತು. ಬಾಗಿಲಲ್ಲಿ ನಿಂತ ಕೆಟುರಾ ಹುಲ್ಲಿನ ಹೆಣಿಗೆ ನೋಡಿದಳು. ತಾತನ ಕುರ್ಚಿಗೆ ಮರುಹೆಣಿಗೆ ಹಾಕಿದವಳು ಅವಳೇ, ಬಲಕ್ಕೆ. ಇದರ ಹುರಿ ಎಡಕ್ಕೆ ತಿರುಗಿತ್ತು. ಕತ್ತೆತ್ತಿ ಸೊಸೆಯನ್ನು ನೋಡಿದಳು. ನ್ಯಾನ್ಸಳ ಕಣ್ಣೂ ಅದೇ ಹುರಿಯ ಮೇಲಿತ್ತು.

ಲೆಮ್ ಬಾವಿಯ ಹತ್ತಿರ ಬಕೆಟ್ಟು ಹಿಡಿದು ನಿಂತಿದ್ದ.

"ಏನಾದ್ರೂ ಹೇಳಿ!" ಎಂದ ಗಿಲ್ಬರ್ಟ್.

"ಇಟ್ಟು ಹೋಗು," ಎಂದ ಜೇಬೆಜ್.

ಅವತ್ತು ಮಧ್ಯಾಹ್ನ ಅವನು ಒಂದು ಕಡ್ಡಿಯನ್ನು ತಂದು ಊಟದ ಮೇಜಿನ ಮೇಲೆ, ಉಪ್ಪಿನ ಬಟ್ಟಲಿನ ಪಕ್ಕ ಇಟ್ಟ. ಕೆಟುರಾ ಮೇಜು ಒರೆಸುವಾಗ ಅದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟಳು. ಕ್ರಿಸ್‌ಮಸ್ಸಿನ ಬೆಂದ ಬಾತುಕೋಳಿಯನ್ನು ಅದರ ಪಕ್ಕದಲ್ಲೇ ತುಂಡು ಮಾಡಿದರು. ಲೆಮ್ ಪ್ರತಿ ಊಟದಲ್ಲೂ ಅದರ ಮೇಲಿಂದ ಕೈ ಚಾಚಿ ಉಪ್ಪು ತೆಗೆದುಕೊಂಡ.

ಓಣಿಯಲ್ಲಿ ಮಾತು ಬೇರೆ ಇತ್ತು. ಜೇಬೆಜನ ಕಣ್ಣು ಹೋಗಿದೆ, ಕೈ ನಡುಗುತ್ತೆ, ಸ್ವಂತ ಮಗಳನ್ನೇ ಬೆಂಕಿಗೆ ತಳ್ಳಿದ. ರಿಪೇರಿಗೆ ಕೊಟ್ಟಿದ್ದವರು ಒಬ್ಬೊಬ್ಬರೇ ಬಂದು, "ಅವಸರ ಏನಿಲ್ಲ, ಹಂಗೇ ಕೊಡಿ," ಎಂದು ಮುರುಕು ಕುರ್ಚಿಗಳನ್ನೇ ವಾಪಸು ಒಯ್ದರು. ಚರ್ಚಿಗೆ ಬೇಕಿದ್ದ ಕುರ್ಚಿಗಳ ಕೆಲಸ ವಿಕಂ ಕಡೆಯ ಕಾರ್ಖಾನೆಗೆ ಹೋಯಿತು. ಲೆಮ್‌ಗೂ ಅದೆಲ್ಲ ಕಿವಿಗೆ ಬೀಳುತ್ತಿತ್ತು. ಹೆಂಡದಂಗಡಿಯಲ್ಲಿ ಒಬ್ಬ, "ನಿಮ್ಮಪ್ಪನ ಕೈಗೆ ಇನ್ನು ಉಳಿ ಕೊಡ್ಬೇಡ ಕಣೋ," ಅಂದಾಗ, ಅವನು ಸೇಬಿನ ಹೆಂಡದ ಮಗ್ಗು ನೋಡುತ್ತಾ ಕೂತಿದ್ದನಂತೆ.

ಗುಟ್ಟು ಒಡೆದದ್ದು ಜನವರಿ ಕೊನೆಗೆ, ಆಲೂಗಡ್ಡೆ ಸಿಪ್ಪೆ ತೆಗೆಯುವಾಗ.

"ದಪ್ಪ ತೆಗೀತಿದೀಯ. ಅರ್ಧ ಹಂದಿಗೇ ಹೋಯ್ತು," ಎಂದಳು ಕೆಟುರಾ. "ನಿನ್ನ ಎಡಗೈ ಮುಟ್ಟಿದ್ದೆಲ್ಲ ಹಾಳು."

ನ್ಯಾನ್ಸ್ ಚಾಕು ಕೆಳಗಿಟ್ಟಳು. "ನೇರವಾಗಿ ಹೇಳಿ ಅತ್ತೆ. ಒಂದೂವರೆ ತಿಂಗಳಿಂದ ನುಂಗ್ಕೊಂಡಿದೀರಲ್ಲ."

"ಹೇಳ್ತೀನಿ. ನನ್ನ ಮಗಳ ಕೈ ತಿಂದೋಳು ನೀನು."

"ಆರ್ಡರ್ ಅಂದ, ಹೆಣೆದೆ. ಈ ಮನೇಲಿ ಹೇಳಿದ್ದು ಮಾಡೋದ್ ಬಿಟ್ರೆ ನಂಗೇನ್ ಅಧಿಕಾರ ಇತ್ತು?"

"ಗೊತ್ತಾದ್ಮೇಲಾದ್ರೂ ಬಾಯಿ ಬಿಡ್ಬೋದಿತ್ತು!"

"ನೀವು ಬಿಟ್ರಾ? ಅವತ್ತೇ ನೋಡಿದ್ರಿ ನೀವೂ. ನನ್ನ ಮುಖ ನೋಡಿದ್ರಿ. ಆಮೇಲೆ ಒಳಗೆ ಹೋಗಿ ಹಿಟ್ಟು ನಾದಿದ್ರಿ."

ಗದ್ದಲಕ್ಕೆ ಗಂಡಸರಿಬ್ಬರೂ ಒಳಗೆ ಬಂದರು. ಲೆಮ್ ಇಬ್ಬರನ್ನೂ ನೋಡಿದ, ಮೇಜಿನ ಮೇಲಿನ ಕಡ್ಡಿ ನೋಡಿದ.

"ಹೌದು, ನಾನೇ," ಎಂದ. "ಹಳೇದು ಫೆನಿಮೋರ್‌ಗೆ ಹೋಯ್ತು. ಅವನು ಅದನ್ನ ಲಂಡನ್ನಿಗೆ ಮಾರಿಯೂ ಆಯ್ತು, ಕೇಳಿ ಬಂದೆ. ಇನ್ನೇನ್ ಬೇಕು?"

"ಹಸಿ ಕಡ್ಡಿ," ಎಂದ ಜೇಬೆಜ್. "ಕದ್ದಿದ್ದು ಹಾಗಿರ್ಲಿ. ತಂಗಿ ಕೂರೋ ಕುರ್ಚಿಗೆ ಹಸಿ ಕಡ್ಡಿ."

"ಒಣಕಡ್ಡಿ ಎಲ್ಲಿತ್ತು ನನ್ನ ಹತ್ರ? ಅಟ್ಟದ ಮೇಲೆ ನೀನು ಎಣಿಸಿ ಇಟ್ಟಿದೀಯಲ್ಲ! ಕೇಳಿದ್ರೆ ಕೊಡ್ತಿದ್ಯಾ?"

"ಯಾಕೆ ಅಂತ ಕೇಳ್ತಿದ್ದೆ."

"ಅದಕ್ಕೇ ಕೇಳ್ಲಿಲ್ಲ. ಹದಿನೆಂಟು ವರ್ಷ ದುಡಿದೋನು ಒಂದು ಕಟ್ಟು ಕಡ್ಡಿಗೂ ಯಾಕೆ ಅಂತ ಹೇಳ್ಬೇಕು."

ಜೇಬೆಜ್ ಮೇಜಿನ ಮೇಲಿನ ಕಡ್ಡಿಯನ್ನು ಅವನ ಕಡೆಗೆ ಸರಿಸಿದ. ಆಮೇಲೆ, "ಡಾರ್ಕಸ್‌ಗೆ ಹೋಗಿ ಹೇಳು," ಎಂದ.

"ಗಿಲ್ಬರ್ಟ್ ನನ್ನ ಸುಮ್ನೆ ಬಿಡ್ತಾನಾ? ಪೊಲೀಸಿಗೆ ಹೋಗ್ತಾನೆ."

"ಹೋಗ್ಲಿ."

ಆಗ ಕೆಟುರಾ ಗಂಡನ ತೋಳು ಹಿಡಿದಳು. ಈಗ ತಾನೇ ಸೊಸೆಯ ಮೇಲೆ ಹರಿಹಾಯ್ದವಳ ದನಿ ಸಣ್ಣಗಾಗಿತ್ತು. "ಬೇಡ ಕಣ್ರೀ. ಯುದ್ಧದಲ್ಲಿ ಒಬ್ಬ ಮಗನನ್ನ ಫ್ರಾನ್ಸಿನ ಮಣ್ಣಿಗೆ ಹಾಕಿದೀವಿ. ಇವನನ್ನ ಜೈಲಿಗೆ ಹಾಕ್ಬೇಡಿ. ಹೆಂಗೂ ಓಣಿಯೋರು ನಿಮ್ದೇ ತಪ್ಪು ಅಂದಾಗಿದೆ. ಅಂದ್ಕೊಳ್ಳಲಿ."

"ಅವಳ ಕೈ?"

"ನಾವೇನ್ ಹೇಳಿದ್ರೂ ಬೆರಳು ಬಿಚ್ಚತಾವಾ?"

ಜೇಬೆಜ್ ತೋಳು ಬಿಡಿಸಿಕೊಂಡು ಏಣಿ ತಂದ. ಅಟ್ಟ ಹತ್ತಿ ಒಣಕಡ್ಡಿಯ ಕಟ್ಟುಗಳನ್ನು ಒಂದೊಂದೇ ಕೆಳಗೆ ಎಸೆದ. ಇಳಿದು ಬಂದು, ಮಸಿ ಹತ್ತಿದ ಕೈಯಲ್ಲೇ ಅವನ್ನು ಎರಡು ರಾಶಿ ಮಾಡಿದ. ಒಂದನ್ನು ಕಾಲಿನಿಂದ ಲೆಮ್ ಕಡೆಗೆ ನೂಕಿದ.

"ನಿನ್ನ ಹದಿನೆಂಟು ವರ್ಷದ ಕೂಲಿ. ಯಾಕೆ ಅಂತ ಕೇಳಲ್ಲ. ಸುಣ್ಣ ಬಳಿಯೋವರೆಗೆ ಕಾಯೋದೇನೂ ಬೇಡ."

ಆ ವಾರವೇ ಅವರು ಇಟ್ಟಿಗೆ ಗೂಡಿನ ಮನೆಗೆ ಹೋದರು. ಪ್ರೀಸ್ ಹೆಸರಿನ ಕುರ್ಚಿ ಈಗ ಯಾರಿಗೂ ಬೇಡವಾಗಿತ್ತು. ಲೆಮ್ ಇಟ್ಟಿಗೆ ಹೊರುವ ಕೆಲಸ ಹಿಡಿದ. ಚಳಿ ಹೆಚ್ಚಾದಾಗ ನ್ಯಾನ್ಸ್ ತನ್ನ ಹೊಸ ಒಲೆಗೆ ಆ ಕಡ್ಡಿಗಳನ್ನೇ ಹಾಕಿದಳು. ಚೆನ್ನಾಗಿ ಉರಿದವು.

ಜೇಬೆಜ್ ತನ್ನ ಪಾಲಿನ ಕಡ್ಡಿಯಲ್ಲಿ ಒಂದು ಬಾಣಂತಿ ಕುರ್ಚಿ ಮಾಡಿದ. ಗಿಡ್ಡ ಕಾಲು, ಮೂರು ಪಟ್ಟಿ, ತಾತನ ಅಳತೆ. ಕೆಟುರಾ ಹುಲ್ಲು ನೆನೆಸಿ ಬಲಕ್ಕೆ ಹುರಿ ಹಾಕಿ ಹೆಣೆದಳು. ಗಂಡ ಹೆಂಡತಿ ಆ ಕೆಲಸದ ಉದ್ದಕ್ಕೂ ಕತ್ತರಿ ಕೊಡು, ನೀರು ಕೊಡು ಬಿಟ್ಟು ಬೇರೆ ಮಾತಾಡಲಿಲ್ಲ. ಫೆಬ್ರವರಿಯ ಒಂದು ಮೋಡದ ದಿನ ಜೇಬೆಜ್ ಅದನ್ನು ಹೊತ್ತುಕೊಂಡು ಮಗಳ ಮನೆಗೆ ಹೋದ.

ಡಾರ್ಕಸ್ ಕೆಳಕ್ಕೆ ಹಾಸಿದ ಕಂಬಳಿಯ ಮೇಲೆ ಗೋಡೆಗೊರಗಿ ಮಗುವಿಗೆ ಹಾಲು ಕೊಡುತ್ತಿದ್ದಳು. ಬಲಗೈ ಬಟ್ಟೆಯ ಚೀಲದಲ್ಲಿತ್ತು. ಅಪ್ಪನನ್ನು ನೋಡಿ ಏಳಲಿಲ್ಲ.

"ಇದು ಬೀಳಲ್ಲ ಮಗಳೇ," ಎಂದ ಜೇಬೆಜ್.

"ಅಪ್ಪಾ, ಅವತ್ತು ಕಳಚಿದ್ದು ನಿನ್ನ ಕಡ್ಡಿಯಾ?"

ಅವನು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ.

"ನಾನು ಚಿಕ್ಕೋಳಿದ್ದಾಗಿಂದ ನಿನ್ನ ಚರಕಿ ಹತ್ರ ಕೂತೋಳು. ಆ ಕುರ್ಚಿಯ ಒಂದೂ ಕಡ್ಡಿ ಉಳೀಲಿಲ್ಲ. ನೀನು ಹಾಕಿದ್ದು ಎರಡು. ಲೆಮ್ ಬಾಗಿಲಿಂದ ಒಳಗೆ ಬರ್ಲಿಲ್ಲ ಅವತ್ತು. ಟೀ ಕುಡೀಲಿಲ್ಲ. ನಾನು ಯಾರಿಗೂ ಹೇಳಲ್ಲ, ಗಿಲ್ಬರ್ಟ್‌ಗೂ ಹೇಳಲ್ಲ. ನಂಗೊಬ್ಬಳಿಗೇ ಹೇಳು. ಅದು ನಿನ್ನ ಕೆಲ್ಸಾನಾ?"

ಮಗು ಹಾಲು ಬಿಟ್ಟು ತಾತನ ಕಡೆ ನೋಡಿತು.

"ನಂದೇ," ಎಂದ ಜೇಬೆಜ್.

"ಇನ್ನೊಂದ್ಸಾರಿ ಹೇಳು."

"ನಂದೇ ಮಗಳೇ. ಕಣ್ಣು ಸರಿ ಕಾಣ್ತಿರ್ಲಿಲ್ಲ."

ಡಾರ್ಕಸ್ ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಒಂದೇ ಕೈಯಲ್ಲಿ ಅದು ಬೇಗ ಆಗುವ ಕೆಲಸವಲ್ಲ. ಅವನು ನೆರವಿಗೆ ಬಗ್ಗಿದಾಗ, "ಬೇಡ," ಎಂದಳು. ಆಮೇಲೆ, "ಅಲ್ಲೇ ಬಿಟ್ಟು ಹೋಗು. ಕತ್ತಲಾಗ್ತದೆ," ಎಂದಳು.

ಮನೆಯಲ್ಲಿ ಕೆಟುರಾ ಕೇಳಿದಳು, "ಇಟ್ಕೊಂಡ್ಳಾ?"

"ಇಟ್ಕೊಂಡ್ಳು."

"ಸದ್ಯ. ಏನಂದ್ಳು?"

"ಏನಿಲ್ಲ."

ಭಾನುವಾರ ಬೆಳಿಗ್ಗೆ ಕೆಟುರಾ ಕೋಳಿ ಬಿಡಲು ಬಾಗಿಲು ತೆಗೆದಳು. ಮೆಟ್ಟಿಲ ಮೇಲೆ ಕುರ್ಚಿ ಇತ್ತು. ಹುಲ್ಲಿನ ಹೆಣಿಗೆ ಬಿಗಿಯಾಗಿಯೇ ಇತ್ತು, ಯಾರೂ ಕೂತ ಹಾಗಿರಲಿಲ್ಲ. ಅದರ ಮೇಲೆ ಒಗೆದ ಬಟ್ಟೆಯಲ್ಲಿ ಸುತ್ತಿದ ಒಂದು ಬ್ರೆಡ್ಡು. ಬಟ್ಟೆ ಬಿಚ್ಚಿದಳು. ಬ್ರೆಡ್ಡು ಒಂದು ಕಡೆ ಉಬ್ಬಿ ಒಂದು ಕಡೆ ಕೂತಿತ್ತು. ಹಿಟ್ಟನ್ನು ಒಂದೇ ಕೈಯಲ್ಲಿ ನಾದಿದ್ದರು.

ಜೇಬೆಜ್ ಹಿಂದಿನಿಂದ ಬಂದು ನಿಂತ.

ಎದುರು ಮನೆಯ ಮುದುಕಿ ಹಾಲಿನ ತಂಬಿಗೆ ಹಿಡಿದು ಹೋಗುತ್ತಿದ್ದವಳು ಕುರ್ಚಿಯನ್ನೂ ಬ್ರೆಡ್ಡನ್ನೂ ನೋಡಿ ಬೇಲಿಯ ಹತ್ತಿರ ನಿಂತಳು. "ಓ, ಹೊಸಾ ಕುರ್ಚಿನಾ! ಆಗ್ಲೇ ವಾಪಸ್ ಬಂತಾ? ಯಾರ್ ಮನೇದು ಕೆಟುರಾ?"

ಕೆಟುರಾ ಬಟ್ಟೆ ಹಿಡಿದ ಕೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಹೊರಗಿನೋರದು," ಎಂದ ಜೇಬೆಜ್. ಬ್ರೆಡ್ಡು ಎತ್ತಿಕೊಂಡು ಒಳಗೆ ಹೋಗಿ, ಉಪ್ಪಿನ ಬಟ್ಟಲಿನ ಪಕ್ಕ ಇಟ್ಟು, ಚಾಕು ಹುಡುಕಿದ.